ಕೀಬೋರ್ಡು, ರಿದಂ ಪ್ಯಾಡು ಮತ್ತು ಮುರಿದ ಮನಸ್ಸು

ಆರ್ಕೆಸ್ಟ್ರಾಕ್ಕೆ ನಮ್ಮ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ 'ಸಂಗೀತ ರಸಮಂಜರಿ' ಎಂದು ಹೆಸರು. 'ರಾತ್ರಿ ಗಂಟೆ 9ಕ್ಕೆ ಸರಿಯಾಗಿ' ಎಂದು ಅಚ್ಚಾಗಿದ್ದರೆ ಹತ್ತೂವರೆಗೆ ಆರಂಭವೆಂದು ಊರವರೆಲ್ಲ ತಾವಾಗಿಯೇ ತಿಳಿದುಕೊಳ್ಳುತ್ತಿದ್ದ ಕಾಲವೊಂದಿತ್ತು. ಸ್ವಾಗತ, ಸನ್ಮಾನ, ಅಧ್ಯಕ್ಷರ ಮಾತು, ಧನ್ಯವಾದ ಎಲ್ಲ ಮುಗಿಯಬೇಕಲ್ಲ! ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ನಡುವೆ ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ ಇಂಥ ಕಾರ್ಯಕ್ರಮಗಳಿಗೆ ಬರವಿರಲಿಲ್ಲ. ದೇವಸ್ಥಾನದ ಜಾತ್ರೆ, ಯುವಕ ಮಂಡಲದ ವಾರ್ಷಿಕೋತ್ಸವ, ಕಾಲೇಜು ಡೇ, ಮದುವೆ ಮನೆಯ ಮದರಂಗಿ, ಕ್ರೈಸ್ತರ ಮನೆಯ ರೋಸ್ – ಯಾವುದಾದರೂ ಒಂದು ನೆಪ ಇದ್ದೇ ಇರುತ್ತಿತ್ತು.

ನಾನು ಅಂಥದೊಂದು ತಂಡದಲ್ಲಿ 1991ರಿಂದ 2006ರವರೆಗೆ ಕೀಬೋರ್ಡು ನುಡಿಸಿದವನು. ಹಗಲು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು, ರಾತ್ರಿ ರಂಗದ ಎಡಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ. ತಂಡದ ಹೆಸರು ಇಲ್ಲಿ ಮುಖ್ಯವಲ್ಲ. ಬಿ.ಸಿ.ರೋಡಿನ ಒಂದು ರೇಡಿಯೋ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ ಹುಟ್ಟಿದ ಅದರಲ್ಲಿ ಮೊದಲಿಗೆ 11 ಮಂದಿ ಇದ್ದೆವು. ಅಕಾರ್ಡಿಯನ್, ಪಿಟೀಲು, ಕ್ಲಾರಿನೆಟ್, ತಬಲ, ಬೊಂಗೊ, ಕೊಂಗೊ, ಗಿಟಾರು, ಇಬ್ಬರು ಗಾಯಕರು, ಒಬ್ಬರು ಗಾಯಕಿ, ಮತ್ತೆ ನಾನು. ಒಂದು ಮೆಟಡೋರ್ ವ್ಯಾನು. ವಾದ್ಯಗಳು ಹತ್ತಿದ ಮೇಲೆ ಉಳಿದ ಜಾಗದಲ್ಲಿ ಮನುಷ್ಯರು.

ವಿದ್ಯಾರ್ಥಿಗಳಿಗೆ ಒಂದು ವಿಷಯ ಹೇಳಬೇಕು. ವಿದ್ಯುನ್ಮಾನ ವಾದ್ಯ ಎಂದರೆ ಸ್ವರ ಬರುವ ಪೆಟ್ಟಿಗೆ ಎಂದಷ್ಟೇ ತಿಳಿಯಬೇಡಿ. 1983ರಲ್ಲಿ ಜಪಾನು ಮತ್ತು ಅಮೆರಿಕದ ವಾದ್ಯ ತಯಾರಕರು 'ಮಿಡಿ' ಎಂಬ ಒಂದು ಸಾಮಾನ್ಯ ಭಾಷೆಯನ್ನು ಒಪ್ಪಿಕೊಂಡರು. ಯಾವ ಕೀ ಒತ್ತಿದಿರಿ, ಎಷ್ಟು ಬಲವಾಗಿ ಒತ್ತಿದಿರಿ, ಯಾವಾಗ ಕೈ ಎತ್ತಿದಿರಿ ಎಂಬುದೆಲ್ಲ ಅಂಕಿಗಳಾಗಿ ವಯರಿನಲ್ಲಿ ಹರಿಯುತ್ತದೆ. ಒತ್ತಿದ ಬಲವನ್ನು 127ರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಅದೇ ವರ್ಷ ಯಮಹಾದ ಡಿಎಕ್ಸ್ 7 ಎಂಬ ಕೀಬೋರ್ಡು ಬಂತು. 1985ರಲ್ಲಿ ರೋಲ್ಯಾಂಡ್ ಕಂಪೆನಿ ಆಕ್ಟಪ್ಯಾಡ್ ಹೊರತಂದಿತು – ರಬ್ಬರಿನ ಎಂಟು ಚೌಕಗಳು, ಒಂದಕ್ಕೆ ಹೊಡೆದರೆ ಡೋಲು, ಇನ್ನೊಂದಕ್ಕೆ ಹೊಡೆದರೆ ತಾಳ. ನಮ್ಮ ಕಡೆ ಅದನ್ನೇ ರಿದಂ ಪ್ಯಾಡು ಎನ್ನುವುದು. ಇವೆಲ್ಲ ಮುಂಬಯಿ, ಬೆಂಗಳೂರು ದಾಟಿ ನೇತ್ರಾವತಿಯ ದಡಕ್ಕೆ ಬರುವಾಗ ಏಳೆಂಟು ವರ್ಷ ಕಳೆದಿತ್ತು. ಬಂದದ್ದೇ ತಡ, ತಂಡದ ಕುರ್ಚಿಗಳು ಒಂದೊಂದಾಗಿ ಖಾಲಿಯಾಗತೊಡಗಿದವು.

ಕೊಂಗೊ, ಬೊಂಗೊ ಎರಡೂ ಪ್ಯಾಡಿನೊಳಗೆ ಹೋದವು. ಪಿಟೀಲು, ಅಕಾರ್ಡಿಯನ್ ನನ್ನ ಕೀಬೋರ್ಡಿನ ಒಂದೊಂದು ನಂಬರಾದವು. ಕ್ಲಾರಿನೆಟ್ ನುಡಿಸುತ್ತಿದ್ದವರು ಮೂಡುಬಿದಿರೆ ಕಡೆಯ ಒಬ್ಬ ಹಿರಿಯ ಪೊರ್ಬುಗಳು. ಇಗರ್ಜಿಯ ಹಬ್ಬಕ್ಕೆ ಬ್ಯಾಂಡಿನಲ್ಲಿ ನುಡಿಸಿ ಪಳಗಿದವರು. 'ಕೊಂಕಣ ಕೋಗಿಲೆ' ಎಂದು ಮಂಗಳೂರಿನ ಕೊಂಕಣಿಗರು ಕರೆಯುತ್ತಿದ್ದ ವಿಲ್ಫಿ ರೆಬಿಂಬಸ್ (ಅವರು 2010ರಲ್ಲಿ ತೀರಿಕೊಂಡರು) ಅವರ ಹಾಡೆಂದರೆ ಇವರಿಗೆ ಪ್ರಾಣ. ಒಂದು ದಿನ ತಾಲೀಮಿನಲ್ಲಿ ನಾನು ಕೀಬೋರ್ಡಿನಲ್ಲಿ ಕ್ಲಾರಿನೆಟ್ ಸ್ವರ ಹಚ್ಚಿದಾಗ ಅವರು ಸುಮ್ಮನೆ ಕೇಳಿಸಿಕೊಂಡು, "ನಿಮ್ಮ ಪೆಟ್ಟಿಗೆಯಲ್ಲಿ ನಾನು ಉಂಟಲ್ಲ ಮಾಸ್ಟ್ರೇ, ಇನ್ನು ವ್ಯಾನಿನಲ್ಲಿ ಸ್ವಲ್ಪ ಜಾಗ ಆಗ್ತದೆ" ಎಂದು ನಕ್ಕರು. ಮತ್ತೆ ವಾದ್ಯವನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸುತ್ತಾ ಹೇಳಿದರು: "ಆದರೆ ಒಂದು ನೋಡಿ, ಅದಕ್ಕೆ ಉಸಿರು ಮುಗಿಯುವುದೇ ಇಲ್ಲ. ಉಸಿರು ಮುಗಿಯುವ ಜಾಗದಲ್ಲಿ ಅಲ್ಲವೋ ಬೇಜಾರು ಇರುವುದು?"

ಆ ಮಾತಿನ ನಂತರ ದುಃಖದ ಹಾಡುಗಳಲ್ಲಿ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಊದುವವನಿಗೆ ಎಲ್ಲಿ ಉಸಿರು ಬೇಕಾಗುತ್ತದೋ ಅಲ್ಲಿ ಬೆರಳು ಎತ್ತುವುದು. ಯಂತ್ರಕ್ಕೆ ಬೇಕಾಗಿಲ್ಲ, ಕೇಳುವವನಿಗೆ ಬೇಕು. ಭಗ್ನಪ್ರೇಮದ ಹಾಡು ನುಡಿಸುವ ಮೊದಲ ಪಾಠವನ್ನು ನಾನು ಕಲಿತದ್ದು ಪ್ರೇಮಿಗಳಿಂದಲ್ಲ, ಕೆಲಸ ಕಳೆದುಕೊಂಡ ಆ ಕ್ಲಾರಿನೆಟ್ ವಾದಕರಿಂದ.

ಇನ್ನು ಆ ಹಾಡುಗಳ ವಿಷಯ. ರಸಮಂಜರಿಯಲ್ಲಿ ಸಭಿಕರು ಚೀಟಿ ಬರೆದು ತಮಗೆ ಬೇಕಾದ ಹಾಡು ಕೇಳುವ ಪದ್ಧತಿಯಿತ್ತು. ಮೊದಲ ಒಂದು ತಾಸು ಬರುವ ಚೀಟಿಗಳಲ್ಲಿ ಭಕ್ತಿಗೀತೆ, ರಾಜಕುಮಾರ್ ಹಾಡು, ಮಕ್ಕಳು ಕುಣಿಯುವ ಹಾಡು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮನೆಗೆ ಹೊರಟು, ಚರುಮುರಿ ಗಾಡಿಯ ಗ್ಯಾಸ್‌ಲೈಟು ಮಾತ್ರ ಉಳಿಯುವ ಹೊತ್ತಿಗೆ ಚೀಟಿಗಳ ಜಾತಿಯೇ ಬದಲಾಗುತ್ತಿತ್ತು. ಒಬ್ಬಳು ಬಿಟ್ಟುಹೋದ ಹಾಡು, ಒಬ್ಬ ಕುಡಿದು ಹಾಡುವ ಹಾಡು, ಸಮಾಧಿಯ ಬಳಿ ಹಾಡುವ ಹಾಡು. ಕೆಳಗೆ ಹೆಸರಿಲ್ಲ. 'ಎರಡನೇ ಬಿ.ಕಾಂ.ನ ಎಸ್‌ಗೆ, ಆರ್‌ನಿಂದ' ಎಂಬಷ್ಟೇ ವಿಳಾಸ. ನಮ್ಮ ನಿರೂಪಕರು ಅದನ್ನು ಮೈಕಿನಲ್ಲಿ ಓದಿದೊಡನೆ ಆರ್ ಅಕ್ಷರದ ಮಕ್ಕಳಿರುವ ತಂದೆಯರೆಲ್ಲ ಒಮ್ಮೆ ಹಿಂದಿರುಗಿ ನೋಡುತ್ತಿದ್ದರು!

1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಅವರು ತೋರಿಸಿದ ದಾರಿಯಲ್ಲಿ ಕನ್ನಡದ ಹಾಡಿಗೆ ಹೊಸ ತಾಳ ಬಂದಿತ್ತು. ಅದರ ಕ್ಯಾಸೆಟ್ಟು ಇಲ್ಲದ ಕ್ಯಾಂಟೀನು ನಮ್ಮ ಕಡೆ ಇರಲಿಲ್ಲವೆಂದೇ ಹೇಳಬೇಕು. ಹನ್ನೊಂದು ವರ್ಷಗಳ ನಂತರ, 1998ರಲ್ಲಿ, ಉಪೇಂದ್ರ ನಿರ್ದೇಶಿಸಿ ನಟಿಸಿದ 'ಎ' ಬಂತು. ಪ್ರೀತಿಯಲ್ಲಿ ಮುರಿದುಬಿದ್ದ ಒಬ್ಬ ಚಿತ್ರ ನಿರ್ದೇಶಕನ ಕಥೆ. ಸಂಗೀತ ನಿರ್ದೇಶಕರಾಗಿ ಅದು ಗುರುಕಿರಣ್ ಅವರ ಮೊದಲ ಚಿತ್ರ. ಮಂಗಳೂರಿನವರು ಎಂಬ ಕಾರಣಕ್ಕೆ ನಮಗೆಲ್ಲ ಕೋಡು ಮೂಡಿದಂತಾಗಿತ್ತು. ಕೀಬೋರ್ಡು, ಗಿಟಾರು, ಯಂತ್ರದ ತಾಳ ಮೂರನ್ನೂ ಸಿಟ್ಟಿನಲ್ಲಿ ಕಲಸಿದಂಥ ಹಾಡುಗಳು. ಹಿಂದೆಲ್ಲ ಭಗ್ನಪ್ರೇಮಿ ಶಾಲು ಹೊದ್ದು ಅಳುತ್ತಿದ್ದ. ಈಗ ಆತ ಗದರಿಸತೊಡಗಿದ. ಮರುವರ್ಷ 'ಉಪೇಂದ್ರ' ಬಂತು. ರಾತ್ರಿ ಹನ್ನೊಂದರ ನಂತರದ ಚೀಟಿಗಳೆಲ್ಲ ಆ ಎರಡು ಚಿತ್ರಗಳಿಗೇ ಮೀಸಲಾದವು. ಹತ್ತು ಮಂದಿ ಮಾಡುವ ಸದ್ದನ್ನು ನಾನೂ ಪ್ಯಾಡಿನ ಹುಡುಗನೂ ಸೇರಿ ಇಬ್ಬರೇ ಎಬ್ಬಿಸಬಹುದಾಗಿತ್ತು. ಈ ಹಾಡುಗಳು ನಮ್ಮ ಯಂತ್ರಗಳಿಗೆಂದೇ ಹುಟ್ಟಿದಂತಿದ್ದವು.

ಆ ದಿನಗಳಲ್ಲೇ ಬೆಳ್ತಂಗಡಿ ತಾಲೂಕಿನ ಒಂದು ಕಾಲೇಜು ಡೇಯಲ್ಲಿ ಹಾಡಿನ ಹೆಸರಿಲ್ಲದ ಚೀಟಿಯೊಂದು ಬಂತು. ಉರುಟಾದ ಅಕ್ಷರ, ನೀಲಿ ಶಾಯಿ. "ನಿಮ್ಮ ಎಲ್ಲ ಹಾಡುಗಳಲ್ಲೂ ಮೋಸ ಮಾಡುವವಳು ಹುಡುಗಿಯೇ ಯಾಕೆ? ಅವಳ ಹಾಡು ನಿಮ್ಮಲ್ಲಿ ಇಲ್ಲವೇ?" ನಿರೂಪಕರು ಅದನ್ನು ಓದದೆ ನಮ್ಮ ಗಾಯಕಿಯ ಕೈಗೆ ದಾಟಿಸಿದರು. ಆಕೆ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡರು. ವಾಪಸು ಬರುವಾಗ ಗುರುವಾಯನಕೆರೆ ದಾಟಿದ ಮೇಲೆ ವ್ಯಾನಿನ ಕತ್ತಲೆಯಲ್ಲಿ ಅವರೇ ಮಾತು ತೆಗೆದರು. "ನನ್ನ ಅಜ್ಜಿ ನೇಜಿ ನೆಡುವಾಗ ಸಿರಿಯ ಪಾಡ್ದನ ಹೇಳ್ತಿದ್ರು. ಅದು ಅವಳದ್ದೇ ಹಾಡಲ್ಲವಾ?"

ತುಳುನಾಡಿನವರಿಗೆ ಸಿರಿಯ ಕಥೆ ಹೊಸದಲ್ಲ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ, ತಿರುಳು ಒಂದೇ. ಬಿರ್ಮು ಆಳ್ವರ ಮನೆಯಲ್ಲಿ ಬೆಳೆದ ಸಿರಿಯನ್ನು ಬಸರೂರಿನ ಕಾಂತು ಪೂಂಜನಿಗೆ ಮದುವೆ ಮಾಡಿಕೊಟ್ಟರು. ಅವನ ಮನಸ್ಸು ಸಿದ್ದು ಎಂಬ ಇನ್ನೊಬ್ಬಳ ಮನೆಯಲ್ಲಿ. ಬಸುರಿ ಹೆಂಡತಿಯ ಬಯಕೆಗೆಂದು ತಂದ ಸೀರೆಯನ್ನು ಮೊದಲು ಉಟ್ಟವಳು ಸಿದ್ದು. ಸಿರಿಗೆ ಅದು ತಿಳಿಯಿತು, ಸೀರೆಯನ್ನು ಆಕೆ ಒಪ್ಪಲಿಲ್ಲ. ಮುಂದೆ ಅಂಥ ಗಂಡನಿಂದ ಬಿಡುಗಡೆ ಪಡೆದು ಮನೆ ಬಿಟ್ಟು ನಡೆದಳು. ದಾರಿಯಲ್ಲಿ ಎಷ್ಟೋ ಕಷ್ಟ ಕಂಡು, ಕೊನೆಗೆ ಬೋಳದ ಕೊಡ್ಸರ ಆಳ್ವನ ಕೈಹಿಡಿದು ಬೇರೊಂದು ಬಾಳು ಕಟ್ಟಿಕೊಂಡಳು. ಅವಳ ಹೆಸರಿನ ಜಾತ್ರೆಗಳು ಇಂದಿಗೂ ನಡೆಯುತ್ತವೆ.

ಈ ಪಾಡ್ದನವನ್ನು ಬೆಳ್ತಂಗಡಿ ತಾಲೂಕಿನ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಂದಿಗೆ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. ಒಟ್ಟು 15,683 ಸಾಲುಗಳು. 1998ರಲ್ಲಿ ಅದು ಹೆಲ್ಸಿಂಕಿಯಿಂದ ಗ್ರಂಥರೂಪದಲ್ಲಿ ಹೊರಬಂತು. ಎಂಥ ಕಾಕತಾಳೀಯ ನೋಡಿ, ಅದು 'ಎ' ಬಿಡುಗಡೆಯಾದ ವರ್ಷವೇ! ಒಂದೇ ವರ್ಷದಲ್ಲಿ ಎರಡು ಭಗ್ನಪ್ರೇಮಗಳು. ಒಂದನ್ನು ನಾವು ರಾತ್ರಿಯಿಡೀ ಧ್ವನಿವರ್ಧಕದಲ್ಲಿ ಮೊಳಗಿಸಿದೆವು, ಇನ್ನೊಂದು ನಮ್ಮದೇ ಗದ್ದೆಯಂಚಿನಲ್ಲಿ ಶತಮಾನಗಳಿಂದ ಹಾಡಾಗಿ ನಿಂತಿತ್ತು.

ಮುಂದಿನ ಕಾರ್ಯಕ್ರಮದಿಂದ ನಮ್ಮ ಗಾಯಕಿ ಸಿರಿಯ ಕಥೆಯ ನಾಲ್ಕು ಮಾತು ಹೇಳಿ, ಪಾಡ್ದನದ ಧಾಟಿಯಲ್ಲಿ ಸ್ವಲ್ಪ ಹಾಡುವ ಕ್ರಮ ಇಟ್ಟುಕೊಂಡರು. ನಾನು ಒಂದೇ ಸ್ವರ ಹಿಡಿದು ಕೂರುವುದು, ಪ್ಯಾಡಿನ ಹುಡುಗ ಸುಮ್ಮನಿರುವುದು. ಸಿಳ್ಳೆ ಬೀಳುತ್ತಿರಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ನಿಂತ ಹುಡುಗರು ಮಾತು ನಿಲ್ಲಿಸುತ್ತಿದ್ದರು. ಬಿಟ್ಟುಹೋಗುವವರಿಗೂ ಒಂದು ಕಾರಣವಿರಬಹುದು, ಬೇಡವೆನ್ನುವುದೆಲ್ಲ ಮೋಸವಲ್ಲ ಎಂಬ ತಿಳುವಳಿಕೆ ಹದಿನೆಂಟರ ವಯಸ್ಸಿಗೆ ಭಾಷಣದಿಂದ ಬರುವಂಥದಲ್ಲ. 2006ರ ಕೊನೆಗೆ ಬಂದ 'ಮುಂಗಾರು ಮಳೆ'ಯ ಭಗ್ನಪ್ರೇಮದಲ್ಲಿ ಯಾರೂ ಯಾರಿಗೂ ಮೋಸ ಮಾಡುವುದಿಲ್ಲ. ಹುಡುಗ ತಾನೇ ಹಿಂದೆ ಸರಿಯುತ್ತಾನೆ. ಮನೋಮೂರ್ತಿಯವರ ಸಂಗೀತದ ಆ ಹಾಡುಗಳನ್ನು ನಾಡಿಗೆ ನಾಡೇ ಹಾಡಿತು. ಬೈಯದೆಯೂ ಅಳಬಹುದು ಎಂದು ನಮ್ಮ ಹುಡುಗರಿಗೆ ಗೊತ್ತಿತ್ತು, ಅವರ ಕೈಗೆ ಹಾಡು ಸಿಕ್ಕಿರಲಿಲ್ಲ ಅಷ್ಟೇ.

ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಒಂದು ವರ್ಷ ಬಿ.ಸಿ.ರೋಡು, ವೇಣೂರು, ಮೂಡುಬಿದಿರೆ ಮೂರೂ ಕಡೆಯ ಕಾರ್ಯಕ್ರಮಗಳಲ್ಲಿ ಒಂದೇ ಹಾಡಿಗೆ, ಒಂದೇ ಕೈಬರಹದ ಚೀಟಿ ಬಂತು. ಮೂರನೆಯ ಸಲ ನಮ್ಮ ನಿರೂಪಕರು ಕೆಳಗಿಳಿದು ಹೋಗಿ, ಕಂಬಕ್ಕೆ ಒರಗಿ ನಿಂತಿದ್ದ ಅವನನ್ನು ಹುಡುಕಿದರು. "ಚಾ ಕುಡಿಯುವನಾ ಮಾರಾಯ?" ಎಂದಷ್ಟೇ ಕೇಳಿದ್ದು. ಡಿಗ್ರಿ ಕೊನೆಯ ವರ್ಷದ ಹುಡುಗ, ಎರಡು ತಿಂಗಳಿಂದ ಕಾಲೇಜಿಗೆ ಹೋಗಿರಲಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲೇ ಕೇಳಬಹುದಾದ ಹಾಡಿಗಾಗಿ ಬಸ್ಸು ಹತ್ತಿ ಇಷ್ಟು ದೂರ ಬರುವುದು ಯಾಕೆಂದು ಕೇಳಿದೆ. "ಇಲ್ಲಿ ಎಲ್ಲರೂ ಒಟ್ಟಿಗೆ ಕೇಳ್ತಾರಲ್ಲ ಸರ್. ಆಗ ನನಗೊಬ್ಬನಿಗೇ ಹೀಗೆ ಆದದ್ದಲ್ಲ ಅಂತ ಕಾಣ್ತದೆ" ಎಂದ.

ಆ ರಾತ್ರಿ ಅವನು ವಯರು ಸುತ್ತಲು ಕೈಜೋಡಿಸಿದ. ಮತ್ತಿನ ನಾಲ್ಕೈದು ಕಾರ್ಯಕ್ರಮಗಳಿಗೂ ಬಂದ. ಯಾರೂ ಬುದ್ಧಿ ಹೇಳಲಿಲ್ಲ. ಒಂದು ದಿನ ನಿರೂಪಕರೇ ಅವನೊಡನೆ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ತಂದೆಯ ಬಳಿ ವಿಷಯ ಹೇಳಿದರು. ತಂದೆ ಗದರಿಸಿಯಾರೆಂದು ಹುಡುಗ ಹೆದರಿದ್ದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡಿದ್ದೀಯಾ?" ಎಂದು ಕೇಳಿದರಂತೆ. ಮುಂದಿನ ವರ್ಷ ಪರೀಕ್ಷೆ ಬರೆದು ಪಾಸಾದ.

ಎಲ್ಲ ಕಡೆ ಹೀಗೆ ಆಗುವುದಿಲ್ಲ ಎಂಬುದೂ ನಿಜ. ವಿದ್ಯುನ್ಮಾನ ರಾಕ್ ಸಂಗೀತದ ಚರಿತ್ರೆಯಲ್ಲೇ ಇದಕ್ಕೆ ಒಂದು ಕಹಿ ಉದಾಹರಣೆ ಉಂಟು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಜಾಯ್ ಡಿವಿಷನ್ ಎಂಬ ತಂಡವಿತ್ತು. ಅದರ ಗಾಯಕ ಇಯಾನ್ ಕರ್ಟಿಸ್‌ನಿಗೆ ಅಪಸ್ಮಾರದ ಕಾಯಿಲೆ, ಖಿನ್ನತೆ, ಜತೆಗೆ ಒಡೆಯುತ್ತಿದ್ದ ದಾಂಪತ್ಯ. ಇವನ್ನೆಲ್ಲ ಅವನು ಹಾಡಿನಲ್ಲಿ ಬರೆದ. 1980ರ ಮೇ 18ರಂದು, ತಂಡ ಅಮೆರಿಕ ಪ್ರವಾಸಕ್ಕೆ ಹೊರಡುವ ಹೊತ್ತಿಗೆ, 23ರ ವಯಸ್ಸಿನಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ಪ್ರೀತಿ ಹರಿದುಹೋಗುವುದನ್ನು ಕುರಿತ ಅವನ ಪ್ರಸಿದ್ಧ ಹಾಡು ಬಿಡುಗಡೆಯಾದದ್ದು ಅವನು ಸತ್ತ ಮೇಲೆ. ಅವನ ಮಾತುಗಳನ್ನು ತಾವು ಬರೀ ಹಾಡೆಂದು ತಿಳಿದೆವು, ಅವನದೇ ಸ್ಥಿತಿಯೆಂದು ಯೋಚಿಸಲಿಲ್ಲ ಎಂಬರ್ಥದಲ್ಲಿ ಅವನ ಸಂಗಾತಿಗಳು ಮುಂದೆ ಹೇಳಿಕೊಂಡಿದ್ದಾರೆ. ಪಕ್ಕದಲ್ಲೇ ನಿಂತು ನುಡಿಸುತ್ತಿದ್ದವರು!

ಉಳಿದ ಮೂವರು ಕೈಚೆಲ್ಲಲಿಲ್ಲ. ನ್ಯೂ ಆರ್ಡರ್ ಎಂಬ ಹೊಸ ಹೆಸರು ಇಟ್ಟುಕೊಂಡು, ಒಬ್ಬ ಕೀಬೋರ್ಡು ವಾದಕಿಯನ್ನು ಸೇರಿಸಿಕೊಂಡು, ತಾಳದ ಯಂತ್ರ, ಸಿಂಥಸೈಜರುಗಳ ಕಡೆ ಹೊರಳಿದರು. 1983ರಲ್ಲಿ ಅವರು ತಂದ 'ಬ್ಲೂ ಮಂಡೇ' ಏಳು ನಿಮಿಷ ಮೀರಿದ ಹಾಡು. 12 ಅಂಗುಲದ ಸಿಂಗಲ್ ತಟ್ಟೆಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಎಂದು ಅದಕ್ಕೆ ಹೆಸರು. ಕೇಳಿದರೆ ಕುಣಿತದ ಹಾಡು, ಒಳಗೆ ಮಾತ್ರ ಒಂದು ತಣ್ಣನೆಯ ನೋವು. ಗೆಳೆಯನನ್ನು ಕಳೆದುಕೊಂಡವರು ಯಂತ್ರದ ತಾಳ ಹಿಡಿದುಕೊಂಡು ನಡೆಯಲು ಕಲಿತರು. ಹಾಡು ಅವನನ್ನು ಕೊಂದಿತು ಎನ್ನುವುದು ತಪ್ಪು. ಹಾಡು ಅವನ ಸ್ಥಿತಿಯನ್ನು ಹೇಳುತ್ತಿತ್ತು, ಕೇಳಿಸಿಕೊಳ್ಳುವವರು ಬೇಕಿತ್ತು.

ಹೆತ್ತವರು ಶಾಲೆಗೆ ಬಂದು ನನ್ನಲ್ಲಿ ದೂರಿದ್ದುಂಟು. "ಮಾಸ್ಟ್ರೇ, ಮಗ ರಾತ್ರಿಯಿಡೀ ಬರೇ ಅಳುವ ಹಾಡು ಕೇಳ್ತಾನೆ, ಹಾಡಿನಿಂದ ಹಾಳಾಗ್ತಾನೆ." ನನ್ನ ಉತ್ತರ ಯಾವಾಗಲೂ ಒಂದೇ. ಹಾಡು ಜ್ವರವಲ್ಲ, ಜ್ವರ ಅಳೆಯುವ ಕಡ್ಡಿ. ಕಡ್ಡಿಯನ್ನು ಮುರಿದು ಬಿಸಾಡಿದರೆ ಜ್ವರ ಇಳಿಯುತ್ತದೆಯೇ? ಹೆಚ್ಚಿನ ಮಕ್ಕಳು ಒಂದಷ್ಟು ದಿನ ಅಳುವ ಹಾಡು ಕೇಳಿ ತಾವಾಗಿ ಮುಂದಿನ ಹಾಡಿಗೆ ಹೋಗುತ್ತಾರೆ. ಆದರೆ ವಾರಗಟ್ಟಲೆ ಊಟ, ನಿದ್ದೆ, ಗೆಳೆಯರು, ಪುಸ್ತಕ ಎಲ್ಲವನ್ನೂ ಬಿಟ್ಟು, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಾಯಿಗೆ ಬರತೊಡಗಿದರೆ ಅದು ಹಾಡಿನ ವಿಷಯವಲ್ಲ, ವೈದ್ಯರ ವಿಷಯ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕ ಅದನ್ನೂ ಬರೆದಿಟ್ಟರೆ ನಷ್ಟವೇನೂ ಇಲ್ಲ.

ನಮ್ಮ ತಂಡದ ಕಥೆಯೂ ಮುಗಿಯಬೇಕಲ್ಲ. 2000ದ ಶಬ್ದಮಾಲಿನ್ಯ ನಿಯಮ, ಅದನ್ನು ಬಿಗಿಗೊಳಿಸಿದ 2005ರ ಜುಲೈಯ ಸುಪ್ರೀಂ ಕೋರ್ಟಿನ ತೀರ್ಪು, ಇವುಗಳಿಂದ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಕಡಿವಾಣ ಬಿತ್ತು. ಮಲಗುವ ಹಸುಗೂಸು, ರೋಗಿ, ಪರೀಕ್ಷೆಗೆ ಓದುವ ಮಕ್ಕಳು ಇವರನ್ನೆಲ್ಲ ನೆನೆದರೆ ನ್ಯಾಯವೇ. ಆದರೆ ನಮ್ಮ ಚೀಟಿಗಳು ಬರುತ್ತಿದ್ದದ್ದೇ ಹತ್ತರ ನಂತರ! ಅಷ್ಟರಲ್ಲಿ ಹಾಡಿನ ಹಿನ್ನೆಲೆ ಸಂಗೀತವೆಲ್ಲ ಟ್ರ್ಯಾಕ್ ರೂಪದಲ್ಲಿ ಸಿ.ಡಿ.ಯಲ್ಲೇ ಸಿಗತೊಡಗಿತು. 11 ಮಂದಿ 7 ಆಗಿ, 4 ಆಗಿ, ಕೊನೆಗೆ ಒಬ್ಬ ಗಾಯಕ, ಒಂದು ಪ್ಲೇಯರು ಸಾಕೆಂದಾಯಿತು. ಕ್ಲಾರಿನೆಟ್ಟನ್ನು ನುಂಗಿದ ನನ್ನ ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆ ನುಂಗಿತು. ಇದರಲ್ಲಿ ಬೇಸರಪಡಲು ನನಗೇನೂ ಹಕ್ಕಿಲ್ಲ. ಪೊರ್ಬುಗಳು ನಕ್ಕ ಹಾಗೆ ನಾನೂ ನಕ್ಕು ಕೀಬೋರ್ಡಿಗೆ ಕವರು ಹಾಕಿದೆ.

ಈಗಿನ ಹುಡುಗ ಹುಡುಗಿಯರಿಗೆ ಲೋಕದ ಎಲ್ಲ ಭಗ್ನಪ್ರೇಮದ ಹಾಡುಗಳೂ ಅಂಗೈಯಲ್ಲಿವೆ. ಚೀಟಿ ಬರೆಯಬೇಕಾಗಿಲ್ಲ, ಬಸ್ಸು ಹತ್ತಬೇಕಾಗಿಲ್ಲ, ಚರುಮುರಿ ತಿನ್ನುತ್ತಾ ಕಾಯಬೇಕಾಗಿಲ್ಲ. ಅನುಕೂಲವೇ. ಆದರೆ ಅದೇ ಹಾಡನ್ನು ನೂರಾರು ಮಂದಿಯ ನಡುವೆ ನಿಂತು ಕೇಳುವುದಕ್ಕೂ ಕೋಣೆಯ ಬಾಗಿಲು ಹಾಕಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವುದಕ್ಕೂ ವ್ಯತ್ಯಾಸವಿದೆ. ಕಿವಿಯೊಳಗಿನ ಹಾಡಿನ ಕೈಬರಹ ಯಾರಿಗೂ ಕಾಣಿಸುವುದಿಲ್ಲ, ಯಾವ ನಿರೂಪಕರೂ ಚಾ ಕುಡಿಯೋಣವೆಂದು ಇಳಿದು ಬರುವುದಿಲ್ಲ. ಆ ಕೆಲಸ ಈಗ ಮನೆಯವರ ಪಾಲಿಗೆ ಬಂದಿದೆ.

ಅದಕ್ಕೆ ದೊಡ್ಡ ಉಪಾಯವೇನೂ ಬೇಡ. ಒಂದು ಸಂಜೆ ಮಗಳ ಪಕ್ಕದಲ್ಲೋ ಮಗನ ಪಕ್ಕದಲ್ಲೋ ಜಗಲಿಯಲ್ಲಿ ಕುಳಿತು, "ಎಂತ ಹಾಡು ಅದು? ಒಂದು ಕಿವಿದ್ದು ನನಗೂ ಕೊಡು ನೋಡುವಾ" ಎಂದು ಕೇಳಿ. ಹಾಡು ನಿಮಗೆ ಹಿಡಿಸಬೇಕೆಂದಿಲ್ಲ. ತಾಳ ಜೋರಾದರೂ, ಭಾಷೆ ಅರ್ಥವಾಗದಿದ್ದರೂ ನಡುವೆ ಎದ್ದುಹೋಗದೆ ಪೂರ್ತಿ ಕೇಳಿ. ಮುಗಿದ ಮೇಲೆ ಅವರಾಗಿ ಏನಾದರೂ ಹೇಳಿದರೆ ಹೇಳಲಿ, ಇಲ್ಲವಾದರೆ ಇನ್ನೊಂದು ಹಾಡು ಹಾಕಲು ಹೇಳಿ.